ನಲವತ್ತೇಳನೆಯ ಪ್ರಶ್ನೆ

ಭವಾನಿಯವರ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನೂ ಹಾರೈಸುವುದಿಲ್ಲ.

ಚೆನ್ನೈಯ ಶೋಳಿಂಗನಲ್ಲೂರಿನಲ್ಲಿ ಅವರದು ನಮ್ಮ ಎದುರುಮನೆ. ಹನ್ನೊಂದು ವರ್ಷಗಳಿಂದ ನೋಡುತ್ತಿದ್ದೇನೆ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ಜೋಳದ ರೊಟ್ಟಿ ಬಡಿದ ದಿನ ನಮಗೂ ಎರಡು ಕಳಿಸುತ್ತಾರೆ, ಯಾರ ಉಸಾಬರಿಗೂ ಹೋಗುವುದಿಲ್ಲ. ಅಂಥ ಹೆಂಗಸನ್ನು ಕೆರಳಿಸಿ ನಿಲ್ಲಿಸಿದ್ದು ಒಂದು ಕೋಚಿಂಗ್ ಸೆಂಟರು ಮತ್ತು ಅದರ ಪ್ರಶ್ನೆಪತ್ರಿಕೆಯ ಒಂದೇ ಒಂದು ಪ್ರಶ್ನೆ.

ಭವಾನಿ ರಾಣೆಬೆನ್ನೂರಿನವರು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಧಾರವಾಡದಲ್ಲಿ ಬಿ.ಎಸ್ಸಿ.ಗೆ ಸೇರಿದ್ದರು. ರಸಾಯನಶಾಸ್ತ್ರವೆಂದರೆ ಪ್ರಾಣ. ಎರಡನೇ ವರ್ಷದ ನಡುವೆ ಮದುವೆಯಾಯಿತು. ಗಂಡ ಸಿದ್ಧಲಿಂಗೇಶ್ ಚೆನ್ನೈಯಲ್ಲಿ ವೈರು, ಸ್ವಿಚ್ಚುಗಳ ವ್ಯಾಪಾರ ಮಾಡುತ್ತಿದ್ದರು. 'ಅಲ್ಲಿ ಹೋಗಿ ಓದು ಮುಂದುವರಿಸಬಹುದಲ್ಲ' ಎಂದು ಹಿರಿಯರೆಲ್ಲ ಹೇಳಿ ಅಕ್ಷತೆ ಹಾಕಿದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಮಗಳು ಮೌನ ಶಾಲೆಗೆ ಹೋಗತೊಡಗಿದ ಮೇಲೆ ಭವಾನಿ ಆರು ತಿಂಗಳು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ, ಕಲಿತರು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಕೋಚಿಂಗ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಎಂಜಿನಿಯರಿಂಗ್, ಮೆಡಿಕಲ್ ಪ್ರವೇಶ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುವ ಜಾಗ ಅದು. ಅಲ್ಲಿ ಅವರು ಹದಿನಾಲ್ಕು ವರ್ಷ ಪ್ರಶ್ನೆಪತ್ರಿಕೆ ಟೈಪ್ ಮಾಡಿದರು.

ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಕಂಪ್ಯೂಟರು, ಒಂದು ದೊಡ್ಡ ಪ್ರಿಂಟರು. ಮೇಷ್ಟರುಗಳು ಕೈಯಲ್ಲಿ ಬರೆದು ಕಳಿಸಿದ ಹಾಳೆಗಳನ್ನು ಭವಾನಿ ಟೈಪ್ ಮಾಡಬೇಕು. ಅಂಕಿಗಳನ್ನು ಎಲ್ಲಿ ಮೇಲಕ್ಕೇರಿಸಬೇಕು, ಎಲ್ಲಿ ಕೆಳಗಿಳಿಸಬೇಕು, ಬಾಣ ಯಾವ ಕಡೆ ನೋಡಬೇಕು, ಬೆಂಜೀನಿನ ಉಂಗುರ ಎಲ್ಲಿ ಕೂರಬೇಕು ಎಂಬುದೆಲ್ಲ ಅವರ ಬೆರಳಿಗೆ ಬರುತ್ತಿತ್ತು. ಟೈಪ್ ಮಾಡುವವರು ಓದುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ಭವಾನಿ ಓದುತ್ತಿದ್ದರು. ಮಕ್ಕಳು ಬಿಟ್ಟುಹೋದ ಪುಸ್ತಕಗಳನ್ನು ಊಟದ ಹೊತ್ತಿನಲ್ಲಿ ತೆರೆದಿಟ್ಟುಕೊಂಡು, ಧಾರವಾಡದಲ್ಲಿ ನಿಂತುಹೋದ ಪುಟದಿಂದ ಮುಂದಕ್ಕೆ ತಾವೇ ಹೋಗುತ್ತಿದ್ದರು.

ಕಳೆದ ವರ್ಷ ಜುಲೈಯಲ್ಲಿ ಬ್ಯಾಚ್ ಪರೀಕ್ಷೆ ಬಂತು. ಇದರ ಅಂಕ ನೋಡಿ ಮಕ್ಕಳನ್ನು ಮೂರು ಬ್ಯಾಚು ಮಾಡುತ್ತಾರೆ. ಮೊದಲನೆಯದಕ್ಕೆ ಪ್ರಖ್ಯಾತ ಮೇಷ್ಟರುಗಳು ಎದುರಿಗೆ ನಿಂತು ಪಾಠ ಹೇಳುತ್ತಾರೆ, ಮೂರನೆಯದಕ್ಕೆ ಅದೇ ಪಾಠವನ್ನು ಪರದೆಯ ಮೇಲೆ ಓಡಿಸುತ್ತಾರೆ. ರಸಾಯನಶಾಸ್ತ್ರದ ಪ್ರಶ್ನೆಗಳನ್ನು ಬರೆದವರು ವರುಣ್. ಮೈಸೂರಿನ ಹುಡುಗ, ಮೂವತ್ತೆರಡು ವರ್ಷ, ದೊಡ್ಡ ಸಂಸ್ಥೆಯಲ್ಲಿ ಓದಿದವರು. ಹಳೆಯ ಮಹಾಬಲಿಪುರಂ ರಸ್ತೆಯ ಪ್ರತಿ ಎರಡನೇ ಬಸ್ ನಿಲ್ದಾಣದಲ್ಲಿ ಕೈಕಟ್ಟಿ ನಿಂತ ಅವರ ಫೋಟೋ ಇತ್ತು.

ನಲವತ್ತೇಳನೆಯ ಪ್ರಶ್ನೆ ಹೀಗಿತ್ತು: ಬೋರಾನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಇವುಗಳಲ್ಲಿ ಯಾವುದರ ಮೊದಲ ಅಯಾನೀಕರಣ ಶಕ್ತಿ ಅತಿ ಹೆಚ್ಚು? ಪರಮಾಣುವಿನ ಹೊರಸುತ್ತಿನಲ್ಲಿರುವ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಗೆ ಆ ಹೆಸರು. ಆವರ್ತ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಸರಿದ ಹಾಗೆ ಅದು ಸಾಮಾನ್ಯವಾಗಿ ಏರುತ್ತ ಹೋಗುತ್ತದೆ. ಸಾಮಾನ್ಯವಾಗಿ, ಅಷ್ಟೇ. ನೈಟ್ರೋಜನ್ ದಾಟಿ ಆಕ್ಸಿಜನ್‌ಗೆ ಬಂದಾಗ ಅದು ಸ್ವಲ್ಪ ಇಳಿಯುತ್ತದೆ. ವರುಣ್ ಬರೆದುಕೊಟ್ಟ ಉತ್ತರಪಟ್ಟಿಯಲ್ಲಿ ಆಕ್ಸಿಜನ್ ಎಂದಿತ್ತು.

ಭವಾನಿ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಹೋದರು.

"ಸರ್, ನಲವತ್ತೇಳಕ್ಕ ನೈಟ್ರೋಜನ್ ಬರಬೇಕಲ್ರಿ?"

ವರುಣ್ ಫೋನಿನಿಂದ ಕಣ್ಣೆತ್ತಲಿಲ್ಲ. "ಎಡದಿಂದ ಬಲಕ್ಕೆ ಹೋದ್ರೆ ಅಯೊನೈಸೇಶನ್ ಎನರ್ಜಿ ಜಾಸ್ತಿ ಆಗುತ್ತೆ ಮೇಡಂ. ಬೇಸಿಕ್ ಇದು."

"ಹೌದ್ರಿ, ಆದರ ನೈಟ್ರೋಜನ್‌ದು ಸಾವಿರದ ನಾಲ್ಕುನೂರಾ ಎರಡು ಐತಿ, ಆಕ್ಸಿಜನ್‌ದು ಸಾವಿರದ ಮುನ್ನೂರಾ ಹದಿನಾಲ್ಕು. ಪುಸ್ತಕದಾಗೂ ಹಂಗ ಐತಿ, ಒಮ್ಮೆ ನೋಡ್ರಿ."

ಆಗ ವರುಣ್ ತಲೆಯೆತ್ತಿದರು. ಸ್ಟಾಫ್ ರೂಮಿನಲ್ಲಿ ಇನ್ನೂ ನಾಲ್ಕು ಜನರಿದ್ದರು. "ಮೇಡಂ, ನೀವು ಟೈಪ್ ಮಾಡಿ ಸಾಕು. ಕೆಮಿಸ್ಟ್ರಿ ನಾನು ನೋಡ್ಕೋತೀನಿ" ಎಂದರು. ಯಾರೋ ಕಿಸಕ್ಕನೆ ನಕ್ಕರು.

ಭವಾನಿ ಹಿಂದಿರುಗಿ, ಹಾಳೆಯ ಅಂಚಿನಲ್ಲಿ 'ಕೇಳಿದೆ, ಹೀಗೇ ಇರಲಿ ಅಂದರು' ಎಂದು ತಾರೀಖು ಹಾಕಿ ಬರೆದು, ಆಕ್ಸಿಜನ್ ಎಂದೇ ಟೈಪ್ ಮಾಡಿದರು. "ಆವತ್ತ ಅಷ್ಟಕ್ಕ ಬಿಟ್ಟಿದ್ದು ನಂದ ತಪ್ಪು" ಎಂದು ಆಮೇಲೆ ನನ್ನೆದುರು ಎಷ್ಟೋ ಸಲ ಅಂದುಕೊಂಡಿದ್ದಾರೆ.

ಫಲಿತಾಂಶ ಬಂದ ಮೂರನೆಯ ದಿನ ಅವರ ಕೋಣೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಹೆಸರು ಮಾಧವಿ. ರಾಯಪುರಂನವಳು, ಅಪ್ಪನಿಗೆ ಬಂದರಿನಲ್ಲಿ ಕೆಲಸ. ಸೆಂಟರಿನವರು ಅವಳಿಗೆ ಉಚಿತ ಸೀಟು ಕೊಟ್ಟಿದ್ದರು. ಮೊದಲ ಬ್ಯಾಚಿನಲ್ಲಿ ಉಳಿದರೆ ಮಾತ್ರ ಆ ಸೀಟು. ಊರಿನ ಆ ತುದಿಯಿಂದ ಈ ತುದಿಗೆ ಬರಲು ಅವಳು ಬೆಳಿಗ್ಗೆ ಐದಕ್ಕೇ ಬಸ್ಸು ಹತ್ತಬೇಕು.

"ಅಕ್ಕಾ, ನಲವತ್ತೇಳನೇ ಪ್ರಶ್ನೆಯ ಉತ್ತರವನ್ನು ನೀವು ತಪ್ಪಾಗಿ ಅಚ್ಚು ಹಾಕಿಬಿಟ್ಟಿರಂತೆ" ಎಂದು ತಮಿಳಿನಲ್ಲಿ ಕೇಳಿದಳು. ದನಿಯಲ್ಲಿ ಜಗಳವಿರಲಿಲ್ಲ. "ಆಫೀಸಿನಲ್ಲಿ ಹೇಳಿದರು. ಅಚ್ಚಿನ ದೋಷ, ಆದರೆ ಲಿಸ್ಟ್ ಬದಲಾಗಲ್ಲ ಅಂದರು. ನಾನು ನೈಟ್ರೋಜನ್ ಬರೆದಿದ್ದೆ."

ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಸರಿ ಬರೆದ ತಪ್ಪಿಗೆ ಮಾಧವಿ ಐದು ಅಂಕ ಕಳೆದುಕೊಂಡಿದ್ದಳು. ಮೊದಲ ಬ್ಯಾಚು ಅವಳ ಕೈತಪ್ಪಿದ್ದು ಎರಡೇ ಅಂಕದಲ್ಲಿ.

ಭವಾನಿಗೆ ಮೈಯೆಲ್ಲ ಉರಿಯಿತು. ಅಚ್ಚಿನ ದೋಷ! ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ, ಎಲ್ಲಿ ಯಾರು ಏನೇ ತಪ್ಪು ಬರೆದಿರಲಿ, ಕೊನೆಗೆ ಅದು ಬಂದು ಬೀಳುವುದು ಅಚ್ಚು ಮಾಡಿದವರ ತಲೆಯ ಮೇಲೆ. ಬರೆದವರು ದೊಡ್ಡವರು, ಅವರು ತಪ್ಪುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಅವರು ಎಷ್ಟು ಸಲ ನುಂಗಿದ್ದರೋ. ಆದರೆ ಹಿಂದೆ ಎಂದೂ ಆ ಸುಳ್ಳಿನಿಂದ ಒಂದು ಮಗುವಿನ ಜಾಗ ಹೋಗಿರಲಿಲ್ಲ.

"ನೀ ಇಲ್ಲೇ ಕೂಡು. ಎಲ್ಲೂ ಹೋಗಬ್ಯಾಡ" ಎಂದು ಕನ್ನಡದಲ್ಲೇ ಹೇಳಿದರು. ಹುಡುಗಿಗೆ ಅರ್ಥವಾಗಲಿಲ್ಲ, ಆದರೆ ಕೂತಳು.

ಸೆಂಟರಿನ ಡೈರೆಕ್ಟರು ಭೋಜರಾಜ. ಮೂರು ತಲೆಮಾರಿನಿಂದ ಚೆನ್ನೈಯಲ್ಲಿರುವ ಕನ್ನಡ ಮನೆತನ. ಮಾತು ತಮಿಳಿನಲ್ಲಿ ಹೊರಟು ಕನ್ನಡದಲ್ಲಿ ಮುಗಿಯುತ್ತದೆ. ಭವಾನಿ ಹಾಳೆ ಹಿಡಿದು ಅವರ ಕೋಣೆಗೆ ಹೋದರೆ ಅಲ್ಲಿ ವರುಣ್ ಕೂಡ ಕೂತಿದ್ದರು.

"ವಾಂಗಮ್ಮಾ, ನಾನೇ ಕರೆಸೋಣ ಅಂತ ಇದ್ದೆ" ಎಂದು ಭೋಜರಾಜ ಒಂದು ಹಾಳೆಯನ್ನು ಮುಂದಕ್ಕೆ ತಳ್ಳಿದರು. "ಇದಕ್ಕೆ ಒಂದು ಸೈನ್ ಹಾಕಿಬಿಡಿ. ಡಿಟಿಪಿ ಮಿಸ್ಟೇಕ್ ಅಂತ. ಎರಡು ಮೂರು ಪೇರೆಂಟ್ಸ್ ಫೋನ್ ಮಾಡ್ತಿದಾರೆ, ಅವರಿಗೆ ತೋರಿಸೋದಕ್ಕೆ. ನಿಮ್ಮ ಕೆಲಸಕ್ಕೆ ಒಣ್ಣೂ ಆಗಲ್ಲ, ಭಯ ಬೇಡ."

ಭವಾನಿ ಹಾಳೆಯನ್ನು ಓದಿದರು. ನನ್ನ ಅಜಾಗರೂಕತೆಯಿಂದ ಉತ್ತರಪಟ್ಟಿಯಲ್ಲಿ ತಪ್ಪಾಗಿದೆ, ಅದಕ್ಕೆ ವಿಷಾದಿಸುತ್ತೇನೆ ಎಂದು ಅದರಲ್ಲಿತ್ತು.

"ಇದು ಟೈಪಿಂಗ್ ತಪ್ಪಲ್ರಿ" ಎಂದರು. "ಸರ್ ಬರದು ಕೊಟ್ಟಿದ್ದ ಹಂಗ ಐತಿ. ನಾ ಹೋಗಿ ಕೇಳೀನಿ. ಟೈಪ್ ಮಾಡಿ ಸಾಕು ಅಂದಾರ. ಹಾಳಿ ನನ್ನ ಹತ್ರನ ಐತಿ, ನೋಡ್ರಿ."

ವರುಣ್ ಹಾಳೆಯನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು. "ಹರಿಬರಿಯಲ್ಲಿ ಬರೆದಿದ್ದು... ಆದ್ರೂ ಈ ಲೆವೆಲ್‌ನಲ್ಲಿ ಟ್ರೆಂಡ್ ಗೊತ್ತಿದ್ರೆ ಸಾಕು. ಮಕ್ಕಳಿಗೆ ಎಕ್ಸೆಪ್ಶನ್ ಎಲ್ಲ ಗೊತ್ತಿರಲ್ಲ. ಊಹೆ ಮಾಡಿ ಟಿಕ್ ಹಾಕಿರ್ತಾರೆ."

ಭವಾನಿ ಹೊರಗೆ ಹೋದರು. ಮಾಧವಿಯ ಕೈಹಿಡಿದು ಕರೆತಂದು ಮೇಜಿನೆದುರು ನಿಲ್ಲಿಸಿದರು. "ನೈಟ್ರೋಜನ್ ಅಂತ ಯಾಕೆ ಬರೆದೆ, ಇವರಿಗೆ ಹೇಳು" ಎಂದು ತಮಿಳಿನಲ್ಲಿ ಅಂದರು.

ಹುಡುಗಿ ಬೆರಳಿನಿಂದ ಮೇಜಿನ ಗಾಜಿನ ಮೇಲೆ ಮೂರು ಚೌಕ ಗೀಚಿ ಹೇಳತೊಡಗಿದಳು. ಎಡದಿಂದ ಬಲಕ್ಕೆ ಹೋದ ಹಾಗೆ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್ ಹೆಚ್ಚುತ್ತದೆ, ಎಳೆತ ಬಲವಾಗುತ್ತದೆ, ಪರಮಾಣು ಕುಗ್ಗುತ್ತದೆ, ಅದಕ್ಕೇ ಎಲೆಕ್ಟ್ರಾನ್ ಕೀಳುವುದು ಕಷ್ಟ. ಅದು ಸರಿ. ಆದರೆ ನೈಟ್ರೋಜನ್‌ನ ಹೊರಸುತ್ತಿನಲ್ಲಿ ಈ ಮೂರು ಕೋಣೆಗೆ ಮೂರೇ ಎಲೆಕ್ಟ್ರಾನ್, ಒಂದೊಂದಕ್ಕೆ ಒಂದೊಂದು ಕೋಣೆ. ಆಕ್ಸಿಜನ್‌ನಲ್ಲಿ ನಾಲ್ಕನೆಯದು ಬರುತ್ತದೆ. ಅದು ಯಾವುದೋ ಒಂದರ ಜೊತೆ ಅದೇ ಕೋಣೆಯಲ್ಲಿ ಇರಬೇಕು. ಎರಡೂ ಋಣವಿದ್ಯುತ್ತಿನವು, ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟದಿಂದ ಒಂದನ್ನು ಹೊರಗೆಳೆಯುವುದು ಸುಲಭವಾಗುತ್ತದೆ.

"ಬೆರಿಲಿಯಂ ಆದ ಮೇಲೆ ಬೋರಾನ್‌ನಲ್ಲೂ ಹೀಗೆ ಇಳಿಯುತ್ತೆ ಸರ್, ಆದರೆ ಅದಕ್ಕೆ ಕಾರಣ ಬೇರೆ" ಎಂದು ಸೇರಿಸಿದಳು. "ಅದನ್ನೂ ಹೇಳಲಾ?"

ಭೋಜರಾಜ ಬೇಡವೆಂದು ಕೈಯಾಡಿಸಿದರು. ವರುಣ್ ಕಿವಿ ಕೆಂಪಾಗಿತ್ತು. ಅವರಿಗೆ ಇದೆಲ್ಲ ಗೊತ್ತಿರದ ವಿಷಯವೇನಲ್ಲ. ಇನ್ನೂ ನಾಚಿಕೆಗೇಡು ಅದೇ. ಒಂದು ಹೊತ್ತಿನ ಅವಸರದಲ್ಲಿ ಮನುಷ್ಯ ತಪ್ಪು ಬರೆಯಬಹುದು, ಯಾರೂ ತಲೆ ಕಡಿಯುವುದಿಲ್ಲ. ಗೊತ್ತಾದ ಮೇಲೂ ಆ ತಪ್ಪನ್ನು ಇನ್ನೊಬ್ಬರ ಹೆಸರಿಗೆ ಬರೆಸಲು ಕೂತಿದ್ದರಲ್ಲ!

ಮಾಧವಿಯನ್ನು ಹೊರಗೆ ಕಳಿಸಿ ಭೋಜರಾಜ ನಿಟ್ಟುಸಿರು ಬಿಟ್ಟರು. "ಸರಿ. ಲಿಸ್ಟ್ ಮಾತ್ತಿ, ಬದಲಾಯಿಸಿಬಿಡೋಣ. ಆ ಹುಡುಗಿಗೆ ಸೀಟು ಸಿಗುತ್ತೆ. ನಿಮಗೆ ಬೇಕಾದ್ದು ಅದೇ ತಾನೆ? ಈಗ ಸೈನ್ ಹಾಕಿ."

"ಯಾಕ್ರೀ?"

"ಎನ್ನಮ್ಮಾ ನೀವು! ಲಿಸ್ಟ್ ಬದಲಾದರೆ ಕಾರಣ ಹೇಳಬೇಕಲ್ಲ. ವರುಣ್ ಸರ್ ತಪ್ಪು ಮಾಡಿದರು ಅಂತ ಬೋರ್ಡಿನಲ್ಲಿ ಹಾಕೋಕಾಗುತ್ತಾ? ಅವರ ಮುಖ ನೋಡಿ ಮಕ್ಕಳು ಸೇರೋದು. ನಿಮ್ಮ ಹೆಸರು ಯಾರಿಗೆ ಗೊತ್ತು? ಕೊಂಜಂ ಅಡ್ಜಸ್ಟ್ ಮಾಡ್ಕೊಳ್ಳಿ."

ನಿಮ್ಮ ಹೆಸರು ಯಾರಿಗೆ ಗೊತ್ತು. ಈ ಮಾತನ್ನು ಭವಾನಿ ಇವತ್ತಿಗೂ ನನಗೆ ಭೋಜರಾಜರದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ.

"ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಂದರ, ಅದಕ್ಕ ಕಿಮ್ಮತ್ತ ಇಲ್ಲೇನ್ರಿ?" ಎಂದರಂತೆ. "ಹದಿನಾಕ ವರ್ಷ ನಿಮ್ಮ ಸರ್‌ಗಳು ಬರದಿದ್ದ ಎಷ್ಟು ತಪ್ಪ ಸುಮ್ಮ ತಿದ್ದಿ ಕೊಟ್ಟೀನಿ, ಲೆಕ್ಕ ಐತೇನು? ಒಬ್ಬರರ ಥ್ಯಾಂಕ್ಸ್ ಅಂದಾರ? ನಾ ಸಹಿ ಮಾಡಂಗಿಲ್ರಿ."

ಸಹಿ ಇಲ್ಲದೆಯೇ ಮರುದಿನ ನೋಟಿಸು ಬೋರ್ಡಿಗೆ ಬಂತು. ಡಿಟಿಪಿ ವಿಭಾಗದ ದೋಷದಿಂದಾಗಿ ನಲವತ್ತೇಳನೆಯ ಪ್ರಶ್ನೆಯ ಉತ್ತರ ತಪ್ಪಾಗಿ ಮುದ್ರಿತವಾಗಿತ್ತು, ಪಟ್ಟಿಯನ್ನು ಪರಿಷ್ಕರಿಸಲಾಗಿದೆ. ಹನ್ನೊಂದು ಮಕ್ಕಳ ಬ್ಯಾಚು ಬದಲಾಗಿತ್ತು, ಅವರಲ್ಲಿ ಮಾಧವಿಯೂ ಇದ್ದಳು. 'ವಿಭಾಗ' ಎಂದರೆ ಯಾರು? ಆ ಕೋಣೆಯಲ್ಲಿ ಕೂರುತ್ತಿದ್ದದ್ದು ಭವಾನಿಯೊಬ್ಬರೇ. ಎರಡನೆಯ ಕಂಪ್ಯೂಟರಿನ ಮುಂದೆ ಎರಡು ವರ್ಷದಿಂದ ಯಾರೂ ಇರಲಿಲ್ಲ.

ಮಧ್ಯಾಹ್ನದ ಊಟದ ಬಿಡುವು. ಕಾರಿಡಾರಿನಲ್ಲಿ ನೂರಾರು ಮಕ್ಕಳು. ಭವಾನಿ ಇಳಿದು ಬಂದು, ಯಾರದೋ ಕೈಯಿಂದ ಮಾರ್ಕರ್ ಪೆನ್ನು ಇಸಿದುಕೊಂಡು, ನೋಟಿಸಿನ ಕೆಳಗೆ ತಮಿಳಿನಲ್ಲಿ ದೊಡ್ಡಕ್ಷರದಲ್ಲಿ ಬರೆದರು: 'ಇದು ಅಚ್ಚಿನ ದೋಷವಲ್ಲ. ಉತ್ತರ ಬರೆದುಕೊಟ್ಟವರೇ ತಪ್ಪು ಬರೆದಿದ್ದರು. ಟೈಪ್ ಮಾಡಿದವಳು ಕೇಳಿದ್ದಳು.' ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ತಮಿಳು ಬರೆಯುವುದನ್ನು ಅವರು ಮಗಳ ಜೊತೆ ಕೂತು ಕಲಿತಿದ್ದರು, ಕಾಗುಣಿತ ಎರಡು ಕಡೆ ಜಾರಿತ್ತು. ಮಕ್ಕಳು ಫೋನೆತ್ತಿ ಫೋಟೋ ತೆಗೆದರು. ಸಂಜೆಯೊಳಗೆ ಅದು ಪೋಷಕರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತ್ತು.

ನಾಲ್ಕು ಗಂಟೆಗೆ ಅವರ ಗುರುತಿನ ಚೀಟಿ ಬಾಗಿಲಲ್ಲಿ ಕೆಲಸ ಮಾಡಲಿಲ್ಲ. ಕಾವಲಿನವನು ಅವರ ಕೊಡೆ, ಊಟದ ಡಬ್ಬಿ ತಂದುಕೊಟ್ಟ. ಹದಿನಾಲ್ಕು ವರ್ಷಕ್ಕೆ ಬೀಳ್ಕೊಡುಗೆ ಅದೇ.

ಮನೆಯಲ್ಲಿ ಸಿದ್ಧಲಿಂಗೇಶ್ ಮೊದಲು "ಸುಮ್ಮ ಇರಬೇಕಿತ್ತು ನೀ" ಎಂದರಂತೆ. ಮಗಳು ಮೌನ ಅಪ್ಪನ ಮೇಲೆ ತಿರುಗಿಬಿದ್ದಳು. ಕನ್ನಡ ಕೇಳಿ ತಮಿಳಿನಲ್ಲೇ ಉತ್ತರಿಸುವ ಹುಡುಗಿ ಅವಳು. "ಅಮ್ಮಾ ಸೊನ್ನದು ಕರೆಕ್ಟ್ ಅಪ್ಪಾ! ಏನ್ ಸುಮ್ಮಾ ಇರುಕ್ಕಣುಂ?" ಅಮ್ಮ ಹೇಳಿದ್ದು ಸರಿ, ಯಾಕೆ ಸುಮ್ಮನಿರಬೇಕು ಎಂದು ಅವಳ ಪ್ರಶ್ನೆ. ಮರುದಿನ ಸಿದ್ಧಲಿಂಗೇಶ್ ತಾವೇ ಸೆಂಟರಿಗೆ ಹೋಗಿ, ಅನುಭವ ಪತ್ರ ಕೊಡುವವರೆಗೆ ಏಳುವುದಿಲ್ಲ ಎಂದು ಮಧ್ಯಾಹ್ನದವರೆಗೆ ಕುಳಿತು ಬರೆಸಿಕೊಂಡು ಬಂದರು.

ಮಾಧವಿ ಮೊದಲ ಬ್ಯಾಚಿನಲ್ಲೇ ಇದ್ದಾಳೆ. ವಾರಕ್ಕೊಮ್ಮೆ ಭವಾನಿಗೆ ಫೋನು ಮಾಡುತ್ತಾಳೆ. ವರುಣ್ ಈಗ ಅವಳನ್ನು ತರಗತಿಯಲ್ಲಿ ಎಂದೂ ಪ್ರಶ್ನೆ ಕೇಳುವುದಿಲ್ಲವಂತೆ. ಅವರ ಫೋಟೋ ಬಸ್ ನಿಲ್ದಾಣಗಳಲ್ಲಿ ಹಾಗೇ ಇದೆ. ಭವಾನಿ ಈಗ ಒಂದು ಸಣ್ಣ ಪ್ರಕಾಶನಕ್ಕೆ ಮನೆಯಿಂದಲೇ ವಿಜ್ಞಾನದ ಪುಸ್ತಕಗಳ ಕರಡಚ್ಚು ತಿದ್ದುತ್ತಾರೆ. ಅಲ್ಲಿ ಪುಸ್ತಕದ ಎರಡನೇ ಪುಟದಲ್ಲಿ ಕರಡು ತಿದ್ದಿದವರ ಹೆಸರು ಹಾಕುತ್ತಾರೆ.

ಹೋದ ತಿಂಗಳು ವರುಣ್ ಫೋನು ಮಾಡಿದ್ದರು. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

"ಮೇಡಂ, ಅವತ್ತು ಆಗಿದ್ದು ನನ್ನ ಮನಸ್ಸಲ್ಲಿ ಕೊರೀತಾ ಇದೆ. ಸಾರಿ ಹೇಳೋಣ ಅಂತ."

"ಯಾರಿಗ್ರಿ?" ಎಂದರು ಭವಾನಿ.

"ನಿಮಗೆ."

"ನನಗ ಒಬ್ಬಾಕಿಗೆ, ಫೋನ್ನಾಗ? ನೀವು ನನ್ನ ಹೆಸರು ಕೆಡಿಸಿದ್ದು ಬೋರ್ಡಿನ ಮ್ಯಾಲ, ಸಾವಿರ ಮಕ್ಕಳ ಮುಂದ. ಸಾರೀನೂ ಅಲ್ಲೇ ಬರೀರಿ. ಬರದ ಮ್ಯಾಲ ಹೇಳ್ರಿ, ನಾ ಬಂದು ಓದತೀನಿ."

ವರುಣ್ ಏನೋ ಗೊಣಗಿ ಫೋನಿಟ್ಟರು. ಬೋರ್ಡಿನ ಮೇಲೆ ಇವತ್ತಿನವರೆಗೆ ಏನೂ ಬಂದಿಲ್ಲ. ಪ್ರತಿ ಸೋಮವಾರ ಮಾಧವಿ ಹೋಗಿ ನೋಡಿ ಫೋನಿನಲ್ಲಿ ಹೇಳುತ್ತಾಳೆ.