ಐದು ಎಕರೆಯ ಭಾಗಾಕಾರ

ನಂಜನಗೂಡಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ವರ್ಷಗಳಲ್ಲಿ, ವಾಕ್ಯರೂಪದ ಲೆಕ್ಕಕ್ಕೆ ಬರಿಯ ಉತ್ತರ ಬರೆದವರಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಕೊಟ್ಟದ್ದೇನು, ಕೇಳಿದ್ದೇನು, ಯಾವ ಮಾನದಲ್ಲಿ ಕೇಳಿದೆ, ಉತ್ತರವನ್ನು ತಾಳೆ ನೋಡಿದ್ದು ಹೇಗೆ ಎಂಬುದೆಲ್ಲ ಪೂರ್ಣ ವಾಕ್ಯಗಳಲ್ಲಿ, ಕರ್ತೃ ಕ್ರಿಯಾಪದಗಳ ಸಮೇತ ಇರಬೇಕಿತ್ತು. "ಉತ್ತರ ಸರಿ ಇದ್ಯಲ್ಲಾ ಮಿಸ್" ಎಂದು ಜಗಳಕ್ಕೆ ಬಂದ ತಾಯಂದಿರಿಗೂ ಇದನ್ನೇ ಹೇಳಿ ಕಳಿಸಿದ್ದೇನೆ. ಕೆಲಸ ಬಿಟ್ಟ ಮೇಲೂ ಆ ಹಟವನ್ನು ಬಿಟ್ಟಿಲ್ಲ. ಬಿಡಬೇಕೆಂದು ಅನ್ನಿಸಿಯೂ ಇಲ್ಲ.

ಅಪ್ಪ ತೀರಿಕೊಂಡ ಮರುವರ್ಷ, ಸೋಸಲೆಯ ಹತ್ತಿರದ ಐದು ಎಕರೆ ಗದ್ದೆಯನ್ನು ನಾವು ನಾಲ್ವರು ಮಕ್ಕಳು ಸಮನಾಗಿ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ಇಬ್ಬರು ಅಣ್ಣಂದಿರು, ಒಬ್ಬ ತಮ್ಮ, ನಾನು. ಸಹಿ ಹಾಕಲು ಕರೆ ಬಂದ ದಿನ ನರಸೀಪುರದಲ್ಲಿ ಬಸ್ಸು ಬದಲಿಸಿ ತವರಿಗೆ ಹೋದೆ. ಅಷ್ಟರಲ್ಲಿ ಅಳತೆ ಮುಗಿದು ಗಡಿಕಲ್ಲುಗಳನ್ನೂ ನೆಟ್ಟಾಗಿತ್ತು. ದೊಡ್ಡಣ್ಣ ಕೊಟ್ಟ ಹಾಳೆಯಲ್ಲಿ ಗಂಡುಮಕ್ಕಳಿಗೆ ತಲಾ ಒಂದು ಎಕರೆ ಇಪ್ಪತ್ತೈದು ಗುಂಟೆ, ನನಗೆ ಐದು ಗುಂಟೆ ಎಂದಿತ್ತು.

"ನನಗೇಕೆ ಐದು?" ಎಂದೆ.

"ಅಷ್ಟೇ ಮಿಕ್ಕಿದ್ದು ಕಣವ್ವ. ಆ ಕಡೆ ಬದು, ಕಾಲುವೆ ಎಲ್ಲಾ ನೆಲ ತಿಂದವೆ" ಎಂದ ದೊಡ್ಡಣ್ಣ. "ಮೊಬೈಲಲ್ಲೇ ಲೆಕ್ಕ ಆಕಿದ್ದು. ಐದನ್ನ ನಾಲ್ಕು ಭಾಗ ಮಾಡುದ್ರೆ ಒಂದು ಪಾಯಿಂಟ್ ಇಪ್ಪತ್ತೈದು. ಒಂದೆಕರೆ ಇಪ್ಪತ್ತೈದು ಗುಂಟೆ. ಇದ್ರಲ್ಲೇನವ್ವ ಮೋಸ?"

ಎಕರೆಗೂ ಗುಂಟೆಗೂ ನಡುವೆ ಚುಕ್ಕೆ ಇಟ್ಟು ಬರೆಯುವುದು ನಮ್ಮವರ ರೂಢಿ. ಮೊಬೈಲಿನ ದಶಮಾಂಶದ ಚುಕ್ಕೆಯನ್ನೂ ಅವರು ಹಾಗೆಯೇ ಓದಿಕೊಂಡಿದ್ದರು. ಎಕರೆಗೆ ನಲವತ್ತೇ ಗುಂಟೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಯಂತ್ರ ಉತ್ತರ ಕೊಟ್ಟ ಮೇಲೆ ಹಂತಗಳು ಯಾರಿಗೆ ಬೇಕು?

ಹಾಳೆಯ ಹಿಂಬದಿಯಲ್ಲಿ ಬರೆಯುತ್ತಾ ಗಟ್ಟಿಯಾಗಿ ಓದಿದೆ. "ಒಂದು ಎಕರೆಯಲ್ಲಿ ನಲವತ್ತು ಗುಂಟೆಗಳಿವೆ. ಆದ್ದರಿಂದ ಐದು ಎಕರೆಯಲ್ಲಿ ಇನ್ನೂರು ಗುಂಟೆಗಳಿವೆ. ಇನ್ನೂರನ್ನು ನಾಲ್ಕರಿಂದ ಭಾಗಿಸಿದರೆ ಐವತ್ತು. ಪ್ರತಿಯೊಬ್ಬರ ಪಾಲು ಒಂದು ಎಕರೆ ಹತ್ತು ಗುಂಟೆ."

"ಅಕ್ಕ ಇನ್ನೂ ಇಸ್ಕೂಲಲ್ಲೇ ಅವ್ಳೆ ಕಣಣ್ಣೋ!" ಎಂದು ತಮ್ಮ ನಕ್ಕ.

"ನಗು. ಈಗ ನಿಮ್ಮ ಲೆಕ್ಕ ತಾಳೆ ನೋಡೋಣ. ನಾಲ್ವರಿಗೂ ಒಂದೆಕರೆ ಇಪ್ಪತ್ತೈದು ಕೊಟ್ಟರೆ ಒಟ್ಟು ಆರು ಎಕರೆ ಇಪ್ಪತ್ತು ಗುಂಟೆ ಬೇಕು. ಆ ಒಂದೂವರೆ ಎಕರೆ ಎಲ್ಲಿಂದ ತರ್ತೀಯಣ್ಣ, ಹೊಳೆಯೊಳಗಿಂದಲೋ?"

ಬೆರಳು ಮಡಚಿ ಎಣಿಸುತ್ತಿದ್ದ ಚಿಕ್ಕಣ್ಣ ಕೈ ಇಳಿಸಿದ. ದೊಡ್ಡಣ್ಣನೇ ಮತ್ತೆ ಬಾಯಿಬಿಟ್ಟ. "ಆಯ್ತು, ತಪ್ಪಾಗದೆ. ಆದ್ರೆ ಕಲ್ಲು ನೆಟ್ಟಾಗೋಗದೆ ಕಣವ್ವ. ಗಂಡನ ಮನೇಲಿ ನಿಂಗೇನು ಕಮ್ಮಿ ಆಗದೆ? ಸೈನ್ ಆಕ್ಬುಡು, ಉಣ್ಣಾನ."

ಲೆಕ್ಕದ ತಪ್ಪನ್ನು ನಾನು ಕ್ಷಮಿಸಬಲ್ಲೆ. ಆದರೆ ಮೂವರೂ ಬದುವಿನ ಮೇಲೆ ನಿಂತು, ತಮ್ಮ ಮೂರು ಪಾಲಿನ ಪಕ್ಕದಲ್ಲಿ ಆ ಐದು ಗುಂಟೆಯ ಚೂರನ್ನು ಕಣ್ಣಾರೆ ಕಂಡು, ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ, ಅದನ್ನು ಕ್ಷಮಿಸಲಾರೆ. ಅದೇ ಚೂರು ತಮ್ಮನ ಪಾಲಿಗೆ ಬಿದ್ದಿದ್ದರೆ ಆ ಕ್ಷಣವೇ ಟೇಪನ್ನು ಮತ್ತೆ ಬಿಚ್ಚುತ್ತಿದ್ದರು.

ಪೆನ್ನಿಗೆ ಮುಚ್ಚಳ ಹಾಕಿದೆ. "ಕಲ್ಲು ಕೀಳಿ. ಈ ಸಲ ನನ್ನ ಕಡೆಯ ಬದುವಿನಿಂದ ಅಳೆಯಿರಿ. ಕೊನೆಗೆ ಮಿಕ್ಕಿದ್ದನ್ನು ನೀನು ತಗೋ ಅಣ್ಣ."

ದೊಡ್ಡಣ್ಣ ಟವೆಲ್ಲು ಕೊಡವಿ ಎದ್ದುಹೋದ. ಚಿಕ್ಕಣ್ಣ ಹಾರೆ ತಂದ. ಸೆರಗು ಸಿಕ್ಕಿಸಿ, ಟೇಪಿನ ತುದಿ ಹಿಡಿದು ನಾನೇ ಗದ್ದೆಗಿಳಿದೆ. ಐವತ್ತು ಗುಂಟೆ ತುಂಬುವ ತನಕ ಯಾರನ್ನೂ ಊಟಕ್ಕೆ ಬಿಡಲಿಲ್ಲ.

ದೊಡ್ಡಣ್ಣ ಇಂದಿಗೂ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನ ಪಾಲಿಗೂ ಒಂದು ಎಕರೆ ಹತ್ತು ಗುಂಟೆಯೇ ಬಂದಿದೆ; ನಾನೇ ನಿಂತು ಅಳೆಸಿದ್ದೇನೆ.