ಹಿಮ್ಮಡಿ ಊರಿ ಟ್ರ್ಯಾಕ್ಟರ್ ಆರಿಸುವವರು

ನೆಲ ಮೇಲೆ ಗಟ್ಟಿ ಇದೆ. ಒಳಗೂ ಗಟ್ಟಿ ಇರಬಹುದೇ? ವಾರದಿಂದ ಬಿಸಿಲಿದೆಯಲ್ಲ, ನೀರು ಇಂಗಿರಬಹುದು. ಇಂಗದೆಯೂ ಇರಬಹುದು. ಇವತ್ತೊಂದು ದಿನ ತನ್ನ ಅಂದಾಜು ತಪ್ಪಬಾರದೇ?

ಮಂಜು ಇನ್ನೂ ಬಿಟ್ಟಿಲ್ಲ. ಕಾಡಿನ ಅಂಚಿನಲ್ಲಿ ನಿಂತ ಮನುಷ್ಯ ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾರೆ. ನಾಟಾ ಡಿಪೋದಲ್ಲಿ ಅವರು ಹಿಮ್ಮಡಿ ಮೇಸ್ತ್ರಿ ಎಂದೇ ಪರಿಚಿತರು. ಕಡಿದ ಮರಗಳನ್ನು ರಸ್ತೆಗೆ ಎಳೆದು ತರಲು ಯಾವ ಟ್ರ್ಯಾಕ್ಟರ್ ಒಳಗೆ ಹೋಗಬೇಕೆಂದು ಹೇಳುವುದು ಅವರ ಕೆಲಸ. ತಪ್ಪು ಗಾಡಿ ಹೋದರೆ ಮಣ್ಣು ಕಲ್ಲಿನಂತೆ ಅದುಮಿಹೋಗುತ್ತದೆ. ಆಮೇಲೆ ಬೀಜ ಬಿದ್ದರೂ ಬೇರು ಇಳಿಯುವುದಿಲ್ಲ. ಸರಿಯಾದ ಗಾಡಿ ಹೋದರೆ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ಯಾರು ಯಾರನ್ನು ಹೊಗಳುತ್ತಾರೆ?

ಇರುವುದು ಎರಡು ಗಾಡಿ. ಒಂದು, ನೆಲದ ಮೇಲೆ ಭಾರ ಹರಡಲೆಂದು ಅಗಲ ಟೈರಿನ ಗಾಳಿ ಇಳಿಸಿಕೊಂಡು ತೆವಳುವ ಸಣ್ಣ ಟ್ರ್ಯಾಕ್ಟರ್. ಇನ್ನೊಂದು, ಅದರ ಎರಡರಷ್ಟು ತೂಗುವ ದೊಡ್ಡದು. ದೊಡ್ಡದರ ಡ್ರೈವರ್ ಮೇಸ್ತ್ರಿಯ ಒಡಹುಟ್ಟಿದ ತಮ್ಮ. ಈ ಜಾಗಕ್ಕೂ ದೊಡ್ಡದು ಬೇಡವಾದರೆ ಅದನ್ನು ದೂರದ ಕಲ್ಲುಕ್ವಾರಿಗೆ ಕಳಿಸುವುದಾಗಿ ಮ್ಯಾನೇಜರ್ ಹೇಳಿದ್ದಾರೆ. ಗಾಡಿಯ ಜೊತೆ ಡ್ರೈವರನ್ನೂ. ತಮ್ಮನ ಹೆಂಡತಿ ತುಂಬು ಗರ್ಭಿಣಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ.

"ಒತ್ತಿದ್ದು ಸಾಕು ಅಣ್ಣಾ, ಅದೇನು ನಿನ್ನ ಮಾವನ ಕಾಲಾ?" ಎಂದು ತಮ್ಮ ಸೀಟಿನಿಂದಲೇ ಕೂಗುತ್ತಾನೆ.

"ಸುಮ್ನಿರೋ."

"ಆ ಸಣ್ಣದು ನಾಲ್ಕು ಸಲ ಹೋಗಿ ತರೋದನ್ನ ನಾನು ಎರಡೇ ಸಲಕ್ಕೆ ತರ್ತೀನಿ. ಓಡಾಟ ಕಮ್ಮಿಯಾದ್ರೆ ನೆಲಕ್ಕೂ ಒಳ್ಳೇದಲ್ವಾ?"

ಮಾತು ಪೂರ್ತಿ ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ.

"ನೆಲ ಸಾಯೋದು ಮೊದಲ್ನೇ ಸಲಕ್ಕೇ ಕಣೋ," ಎನ್ನುತ್ತಾರೆ ಮೇಸ್ತ್ರಿ. "ಮಿಕ್ಕಿದ್ದೆಲ್ಲ ಹೆಣದ ಮೇಲಿನ ಓಡಾಟ."

ಗೇಣುದ್ದ ಅಗೆದು, ಮಣ್ಣು ತೆಗೆದು, ಅಂಗೈಯಲ್ಲಿ ಹಿಸುಕುತ್ತಾರೆ. ಬೆರಳ ಸಂದಿಯಲ್ಲಿ ನೀರು ಜಿನುಗುತ್ತದೆ. ತಮ್ಮನೂ ನೋಡುತ್ತಾನೆ. ಮೇಸ್ತ್ರಿ ಆಚೆ ಹೋಗಿ ಇನ್ನೊಂದು ಕಡೆ ಅಗೆಯುತ್ತಾರೆ. ಅಲ್ಲೂ ಅದೇ.

ಈ ಕೆಲಸ ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ ಕೈಯ ಮಣ್ಣು ಕೊಡವಿಕೊಳ್ಳುತ್ತಾರೆ. "ನಮ್ಮಪ್ಪ ಎತ್ತು ಕಟ್ಟಿ ದಿಮ್ಮಿ ಎಳೀತಿದ್ರು. ನೆಲ ಸರಿಯಿಲ್ಲ ಅಂದ್ರೆ ಎತ್ತು ಹೆಜ್ಜೇನೇ ಇಡ್ತಿರಲಿಲ್ಲ, ಬಾರುಕೋಲಿಗೂ ಬಗ್ತಿರಲಿಲ್ಲ. ಟ್ರ್ಯಾಕ್ಟರಿಗೆ ಆ ಬುದ್ಧಿ ಇಲ್ಲ, ಹೋಗು ಅಂದ್ರೆ ಹೋಗುತ್ತೆ. ಅದಕ್ಕೇ ಎತ್ತಿನ ಕೆಲಸ ನಾನು ಮಾಡ್ತೀನಿ."

ಮ್ಯಾನೇಜರ್ ಜೀಪಿನಿಂದ ಇಳಿಯುತ್ತಾರೆ. "ಏನ್ರೀ ಮೇಸ್ತ್ರಿ, ಯಾವುದು?"

ಎರಡೂ ಎಂಜಿನ್‌ಗಳು ಗುರುಗುಟ್ಟುತ್ತಿವೆ. ತಮ್ಮ ಸ್ಟೀರಿಂಗ್ ಮೇಲೆ ಕೈಯಿಟ್ಟು ಅಣ್ಣನ ಬಾಯನ್ನೇ ನೋಡುತ್ತಿದ್ದಾನೆ.

"ಸಣ್ಣದು ಸಾರ್. ದಾರಿಗೆ ಕೊಂಬೆ ಹಾಸ್ಕೊಂಡು ಹೋಗ್ಲಿ."

ತಮ್ಮ ಬೈಯುವುದಿಲ್ಲ. ಗೇರ್ ಹಾಕುತ್ತಾ, "ಮಗು ಹುಟ್ಟಿದಾಗ ನೀನೇ ಮೊದಲು ಎತ್ಕೊ. ದೊಡ್ಡಪ್ಪ ಅಲ್ವಾ," ಎನ್ನುತ್ತಾನೆ. ದೊಡ್ಡ ಟ್ರ್ಯಾಕ್ಟರ್ ಕ್ವಾರಿಯ ರಸ್ತೆಯ ಕಡೆ ತಿರುಗುತ್ತದೆ.

ಸಣ್ಣದು ಮೊದಲ ದಿಮ್ಮಿ ಎಳೆದು ತಂದ ಮೇಲೆ ಮೇಸ್ತ್ರಿ ಕೊಂಬೆ ಸರಿಸಿ, ಟೈರಿನ ಗುರುತಿನಲ್ಲಿ ಬೆರಳಿಟ್ಟು ನೋಡುತ್ತಾರೆ. "ಎರಡು ಬೆರಳೂ ಇಳಿದಿಲ್ಲ. ಒಂದು ಮಳೆ ಬಿದ್ರೆ, ಇಲ್ಲಿ ಯಾರೂ ಬಂದೇ ಇಲ್ವೇನೋ ಅನ್ನೋ ಹಾಗಿರುತ್ತೆ."

ಆಮೇಲೆ ತಮ್ಮ ಹೋದ ರಸ್ತೆಯ ಕಡೆ ಒಮ್ಮೆ ನೋಡಿ, ಸರಿಸಿದ ಕೊಂಬೆಯನ್ನು ಮತ್ತೆ ಹಾಸುತ್ತಾರೆ.