ಕೈತೂಕದ ರೇಡಿಯೊ

ಜಹೀರಾಬಾದಿನಲ್ಲಿ ರೇಡಿಯೊ ಕೊಳ್ಳುವವರು ಮೊದಲು ಗಂಗಾರಾಮನನ್ನು ಕರೆಯುತ್ತಿದ್ದರು. ಆತ ಸಹಕಾರ ಸಂಘದ ಗುಮಾಸ್ತ. ಅಪ್ಪ ತಾಂಡೂರಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಎತ್ತಿ ನೋಡಿಯೇ ಕಾಳಿನ ಗುಣ ಹೇಳುತ್ತಿದ್ದ; ಮಗ ಅದೇ ವಿದ್ಯೆಯನ್ನು ರೇಡಿಯೊಗೆ ಹಚ್ಚಿದ್ದ. ಎರಡೂ ಕೈಯಲ್ಲಿ ಎತ್ತುತ್ತಿದ್ದ, ಬೆರಳ ಗೆಣ್ಣಿನಿಂದ ಮರದ ಪೆಟ್ಟಿಗೆ ತಟ್ಟುತ್ತಿದ್ದ. ತೂಕವಿದ್ದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಮಾಲು ಗಟ್ಟಿ. ಹಿಂದಿನ ಹಲಗೆ ಬಿಚ್ಚಿ ನೋಡುವುದು ತನ್ನ ಕೈಗೆ ಅವಮಾನವೆಂದೇ ತಿಳಿದಿದ್ದ.

೧೯೭೨ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ರಿಪೇರಿ ಅಂಗಡಿಯ ಶಿವರಾಯ ಅವನನ್ನು ಕೂಗಿ ಕರೆದ. ಗಂಗಾರಾಮನೇ ಒಪ್ಪಿದ್ದ ರೇಡಿಯೊವೊಂದು ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಕೂತಿತ್ತು.

"ಇಲ್ಲೇ ಅದ ನೋಡ್ರಿ ನಿಮ್ಮ ತೂಕ."

ಟ್ರಾನ್ಸ್‌ಫಾರ್ಮರ್ ಇರಬೇಕಾದಲ್ಲಿ ಕಬ್ಬಿಣದ ಗಟ್ಟಿಯೊಂದನ್ನು ಬೋಲ್ಟು ಹಾಕಿ ಕೂರಿಸಿದ್ದರು.

"ನಕಲಿ ಮಾಲ್. ಕರೆಂಟ್ ಸೀದಾ ತಗಡಿಗೇ ಬರ್ತದ," ಎಂದ ಶಿವರಾಯ. "ಗೋಡಿಗಿ ಚುಚ್ಚೋ ಪಿನ್ನು ಒಂದ್ ಕಡಿ ಹಾಕಿದ್ರ ಸುಮ್ನಿರ್ತದ, ತಿರುವಿ ಹಾಕಿದ್ರ ಹಿಡೀತದ. ತಿರುವೋ ಗುಂಡಿ ಕಳಚಿದಾಗ ಒಳಗಿನ ಕಬ್ಬಿಣದ ಕಡ್ಡಿ ಒದ್ದಿ ಕೈಲಿ ಮುಟ್ಟಿದವ್ರು ಉಳಿಯಂಗಿಲ್ರಿ. ಇದರ ಜೋಡಿದು ನೀವೇ ಒಯ್ದೀರಲ್ಲ?"

ಒಯ್ದದ್ದು ನಾರಾಯಣಖೇಡಕ್ಕೆ. ಹೋದ ವರ್ಷ ತಂಗಿ ಶಂಕರಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಸೋದರಮಾವನ ಉಡುಗೊರೆ.

ಗಂಗಾರಾಮ ಹತ್ತಿದ ಬಸ್ಸು ಹಳ್ಳಿಹಳ್ಳಿಗೂ ನಿಂತಿತು. ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಶಂಕರಮ್ಮ ಹಾಡು ಹಾಕುತ್ತಿದ್ದುದು ಅವನ ಕಣ್ಣ ಮುಂದಿಂದ ಸರಿಯಲೊಲ್ಲದು. ಕೂಸು ಈಗ ಹಿಡಿದುಕೊಂಡು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು.

ಮನೆಯ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ಗಂಗಾರಾಮ ಓಡತೊಡಗಿದ. ಆಮೇಲೆ ಹಾಡು ಕೇಳಿಸಿತು. ಅವರು ಅದನ್ನು ಕೇಳುತ್ತ ನಿಂತಿದ್ದರು.

ಒಳಗೆ ಕೂಸು ರೇಡಿಯೊದ ಮೇಜು ಹಿಡಿದು ನಿಂತು ಕೈ ಮೇಲೆತ್ತಿತ್ತು. ಗುಂಡಿ ಇದ್ದ ಕಡೆ ಬರೀ ಕಡ್ಡಿ. ಗಂಗಾರಾಮ ಹಾರಿ ಪಿನ್ನು ಕಿತ್ತ. ಹಾಡು ನಿಂತಿತು, ಕೂಸು ಚೀರಿತು.

"ಅಯ್ಯ ಅಣ್ಣಾ, ಹಾಡಿನ ಮ್ಯಾಲ ಯಾಕ ಸಿಟ್ಟು?" ಶಂಕರಮ್ಮ ನಕ್ಕಳು. "ನಿನ್ನಳಿಯ ನಿನ್ನೆ ಗುಂಡಿ ಕಿತ್ತಿ ಒಗದಾನ."

"ಕಡ್ಡಿ ಮುಟ್ಟಿದಿ ಏನು?"

"ಒಮ್ಮೆ ಮುಟ್ಟಿದ್ದೆ. ಭುಜದ ತನಾ ಜುಮ್ ಅಂತು. ಈಗ ಅರಿವಿ ಸುತ್ತಿ ತಿರುವ್ತೀನಿ. ನಮ್ಮ ಮನೀ ಕರೆಂಟಿಂದೇ ದೋಷ ಅಂದ್ಕೊಂಡೆ. ನೀ ಎತ್ತಿ ನೋಡಿ ತಂದ ಮಾಲು, ಕೆಟ್ಟದ್ದು ಹ್ಯಾಂಗ ಇರ್ತದ?"

ಗಂಗಾರಾಮ ವೈರು ಸುತ್ತಿ ಮೇಲಿಟ್ಟ. ಒಯ್ಯಲೆಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿದ. ಅಂಗೈಗಳು ಈಗಲೂ ಮಾಲು ಗಟ್ಟಿ ಎಂದೇ ಹೇಳುತ್ತಿದ್ದವು.